ಈರುಳ್ಳಿ ಬೇರಿನಲ್ಲಿ ಕೋಶ ವಿಭಜನೆ ಎಣಿಸಿ ಹಿಸ್ಟೋನ್ ಜೀನ್‌ಗಳ ಸಮಯಪಾಲನೆ ಅರಿಯುವ ಬಗೆ

ಪದವಿ ವಿದ್ಯಾರ್ಥಿಗಳ ಪ್ರಾಯೋಗಿಕ ಪುಸ್ತಕಗಳಲ್ಲಿ ಒಂದು ತಪ್ಪು ಪದೇಪದೇ ಕಣ್ಣಿಗೆ ಬೀಳುತ್ತದೆ: ‘ಕೋಶ ಒಡೆಯುವಾಗ ವರ್ಣತಂತುಗಳು ದಪ್ಪವಾಗಲೆಂದು ಹಿಸ್ಟೋನ್ ಪ್ರೋಟೀನ್ ತಯಾರಾಗುತ್ತದೆ.’ ಹಿಸ್ಟೋನ್ ಎಂದರೆ ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನ್. ಸೂಕ್ಷ್ಮದರ್ಶಕದಲ್ಲಿ ಕಂಡಷ್ಟನ್ನೇ ನೋಡಿ ಬರೆದರೆ ಹೀಗೆ ಅನ್ನಿಸುವುದು ಸಹಜ. ಆದರೆ ದಪ್ಪನೆಯ ವರ್ಣತಂತು ಕಣ್ಣಿಗೆ ಬೀಳುವ ಹೊತ್ತಿಗೆ, ಅದಕ್ಕೆ ಬೇಕಾದ ಹಿಸ್ಟೋನ್ ತಯಾರಾಗಿ ಹಲವು ಗಂಟೆ ಕಳೆದಿರುತ್ತದೆ. ಹಿಸ್ಟೋನ್ ಜೀನ್‌ಗಳು ಜೋರಾಗಿ ಕೆಲಸ ಮಾಡುವುದು ಎಸ್ ಹಂತದಲ್ಲಿ, ಅಂದರೆ ಡಿಎನ್‌ಎ ನಕಲಾಗುವ ಹೊತ್ತಿನಲ್ಲಿ. ನಾವು ನೋಡುವ ವಿಭಜನೆ ಎಂ ಹಂತ. ಇವೆರಡರ ನಡುವೆ ಜಿ2 ಎಂಬ ಬಿಡುವು ಇದೆ.

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ಕಡೆಯ ಕಾಲೇಜು ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಸಿಗುವ ಸಾಮಾನಿನಲ್ಲೇ ಈ ಅಂತರವನ್ನು ಎಣಿಸಿ ನೋಡಬಹುದು. ಹೊರಗಿನಿಂದ ತರಿಸಬೇಕಾದ ಮುಖ್ಯ ರಾಸಾಯನಿಕ ಒಂದೇ, ಡಿಎನ್‌ಎ ನಕಲನ್ನು ತಡೆಯುವ ಹೈಡ್ರಾಕ್ಸಿಯೂರಿಯ.

ಮೊದಲು ಲೆಕ್ಕ

ಎಚ್2ಎ, ಎಚ್2ಬಿ, ಎಚ್3, ಎಚ್4 ಎಂಬ ನಾಲ್ಕು ಬಗೆಯ ಹಿಸ್ಟೋನ್‌ಗಳು ಎರಡೆರಡು ಸೇರಿ ಎಂಟರ ಗುಂಪಾಗುತ್ತವೆ. ಅದರ ಮೈಗೆ 147 ಬೇಸ್ ಜೋಡಿ ಉದ್ದದ ಡಿಎನ್‌ಎ ಸುಮಾರು ಒಂದೂಮುಕ್ಕಾಲು ಸುತ್ತು ಬರುತ್ತದೆ. ಇದೇ ನ್ಯೂಕ್ಲಿಯೋಸೋಮ್. ಒಂದು ನ್ಯೂಕ್ಲಿಯೋಸೋಮ್‌ನಿಂದ ಇನ್ನೊಂದಕ್ಕೆ ಇರುವ ತುಂಡನ್ನೂ ಸೇರಿಸಿದರೆ ಸುಮಾರು 200 ಬೇಸ್ ಜೋಡಿಗೆ ಒಂದು ಎಂದು ಲೆಕ್ಕ ಹಿಡಿಯಬಹುದು.

ಈರುಳ್ಳಿಯ ಡಿಎನ್‌ಎ ತೀರಾ ದೊಡ್ಡದು. ಅದರ ಎಂಟು ವರ್ಣತಂತುಗಳ ಒಂದು ಸೆಟ್‌ನಲ್ಲಿ ಸುಮಾರು 1600 ಕೋಟಿ ಬೇಸ್ ಜೋಡಿ ಇದೆ, ಮನುಷ್ಯನಿಗಿಂತ ಐದು ಪಟ್ಟು. ಬೇರಿನ ಒಂದು ಕೋಶದಲ್ಲಿ ಇಂಥ ಎರಡು ಸೆಟ್ ಇರುವುದರಿಂದ 3200 ಕೋಟಿ ಆಯಿತು. 200ರಿಂದ ಭಾಗಿಸಿದರೆ 16 ಕೋಟಿ ನ್ಯೂಕ್ಲಿಯೋಸೋಮ್. ನಕಲಾದ ಮೇಲೆ 32 ಕೋಟಿ ಬೇಕು. ಹಳೆಯ 16 ಕೋಟಿ ಎರಡೂ ಎಳೆಗಳಿಗೆ ಹಂಚಿಹೋಗುತ್ತವೆ, ಉಳಿದ 16 ಕೋಟಿ ಹೊಸದಾಗಿಯೇ ಬರಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈರುಳ್ಳಿ ಬೇರಿನ ಎಸ್ ಹಂತ ಸುಮಾರು ಆರೂವರೆ ಗಂಟೆ. ಭಾಗಿಸಿ ನೋಡಿ: ಒಂದೇ ಒಂದು ಕೋಶದಲ್ಲಿ ಸೆಕೆಂಡಿಗೆ 6800 ನ್ಯೂಕ್ಲಿಯೋಸೋಮ್‌ಗೆ ಸಾಕಾಗುವಷ್ಟು ಹೊಸ ಹಿಸ್ಟೋನ್. ಈ ಲೆಕ್ಕವನ್ನು ವಿದ್ಯಾರ್ಥಿಗಳ ಕೈಯಲ್ಲೇ ಕಪ್ಪು ಹಲಗೆಯ ಮೇಲೆ ಮಾಡಿಸಬೇಕು. ಹಿಸ್ಟೋನ್ ಜೀನ್‌ಗಳ ಹಲವಾರು ಪ್ರತಿಗಳು ಏಕಿವೆ ಎಂಬ ಪ್ರಶ್ನೆ ಆಮೇಲೆ ಅವರಿಂದಲೇ ಬರುತ್ತದೆ.

ಹಿಸ್ಟೋನ್ ಕಡಿಮೆಯಾದರೆ ಡಿಎನ್‌ಎ ನಕಲು ನಿಧಾನವಾಗುತ್ತದೆ. ಹೆಚ್ಚಾದರೂ ಕಷ್ಟವೇ. ಹಿಸ್ಟೋನ್‌ಗೆ ಧನ ವಿದ್ಯುದಂಶ ಜಾಸ್ತಿ, ಡಿಎನ್‌ಎ, ಆರ್‌ಎನ್‌ಎ ಎನ್ನದೆ ಋಣ ಅಂಶ ಇರುವ ಎಲ್ಲದಕ್ಕೂ ಅಂಟಿಕೊಳ್ಳುತ್ತದೆ. ಯೀಸ್ಟ್‌ನಲ್ಲಿ ಹಿಸ್ಟೋನ್‌ಗಳ ಪ್ರಮಾಣ ಏರುಪೇರಾದರೆ ವಿಭಜನೆಯಲ್ಲಿ ವರ್ಣತಂತುಗಳು ಕಳೆದುಹೋಗುವುದು ಹೆಚ್ಚುತ್ತದೆ ಎಂದು ಮೀಕ್ಸ್-ವ್ಯಾಗ್ನರ್ ಮತ್ತು ಹಾರ್ಟ್‌ವೆಲ್ 1986ರಲ್ಲೇ ತೋರಿಸಿದ್ದರು. ಕೋಶ ಚಕ್ರದ ಕೆಲಸಕ್ಕಾಗಿ 2001ರಲ್ಲಿ ನೊಬೆಲ್ ಹಂಚಿಕೊಂಡವರಲ್ಲಿ ಈ ಲೀಲ್ಯಾಂಡ್ ಹಾರ್ಟ್‌ವೆಲ್ ಒಬ್ಬರು. ಹೀಗಾಗಿ ಹಿಸ್ಟೋನ್ ಬೇಕಾದ ಹೊತ್ತಿಗೆ ತಯಾರಾಗಬೇಕು, ಬೇಡವಾದ ಹೊತ್ತಿಗೆ ಥಟ್ಟನೆ ನಿಲ್ಲಬೇಕು.

ಪ್ರಾಣಿಗಳಲ್ಲಿ ಒಂದು ದಾರಿ, ಈರುಳ್ಳಿಯಲ್ಲಿ ಇನ್ನೊಂದು

ಪಠ್ಯಪುಸ್ತಕಗಳು ಹೇಳುವ ಕಥೆ ಬಹುಪಾಲು ಪ್ರಾಣಿ ಕೋಶಗಳದ್ದು. ಅಲ್ಲಿ ಕೋಶ ಜಿ1ನಿಂದ (ನಕಲಿಗೆ ಮುಂಚಿನ ಬಿಡುವು) ಎಸ್ ಹಂತಕ್ಕೆ ಕಾಲಿಡುವಾಗ ಸೈಕ್ಲಿನ್ ಇ ಮತ್ತು ಸಿಡಿಕೆ2 ಎಂಬ ಪ್ರೋಟೀನ್ ಜೋಡಿ ಎನ್‌ಪ್ಯಾಟ್ ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಎನ್‌ಪ್ಯಾಟ್ ಹಿಸ್ಟೋನ್ ಜೀನ್‌ಗಳ ಗುಂಪಿನ ಬಳಿಯೇ ಕುಳಿತಿರುತ್ತದೆ, ಈ ಸೂಚನೆ ಸಿಕ್ಕಿದೊಡನೆ ಅವುಗಳ ಪ್ರತಿಲೇಖನ (ಜೀನ್‌ನಿಂದ ಎಂಆರ್‌ಎನ್‌ಎ ಎಂಬ ಸಂದೇಶದ ಪ್ರತಿ ತೆಗೆಯುವುದು) ಏರುತ್ತದೆ. ಇಲ್ಲಿನ ಎಂಆರ್‌ಎನ್‌ಎಗೆ ಒಂದು ವಿಶೇಷವಿದೆ. ಬೇರೆಲ್ಲ ಎಂಆರ್‌ಎನ್‌ಎಗಳ ತುದಿಯಲ್ಲಿರುವ ಪಾಲಿ-ಎ ಬಾಲ (ಎ ಅಕ್ಷರಗಳ ಸಾಲು) ಇದಕ್ಕಿಲ್ಲ. ಬದಲಿಗೆ ಆರು ಜೋಡಿ ಕಾಂಡ, ನಾಲ್ಕು ಬೇಸ್‌ಗಳ ಕುಣಿಕೆ ಇರುವ ಸಣ್ಣ ಮಡಿಕೆ ಇದೆ. ಅದನ್ನು ಹಿಡಿದುಕೊಳ್ಳುವ ಪ್ರೋಟೀನ್ ಎಸ್‌ಎಲ್‌ಬಿಪಿ. ಎಂಆರ್‌ಎನ್‌ಎಯ ತುದಿ ಸರಿಯಾಗಿ ಕತ್ತರಿಸಲ್ಪಡಲು, ಹೊರಗೆ ಸಾಗಲು, ಪ್ರೋಟೀನಾಗಿ ಓದಲ್ಪಡಲು ಎಸ್‌ಎಲ್‌ಬಿಪಿಯೇ ಬೇಕು. ಪ್ರತಿಲೇಖನ ಏರುವುದು ಮೂರರಿಂದ ಐದು ಪಟ್ಟು ಮಾತ್ರ. ತುದಿಯ ಸಂಸ್ಕರಣೆ, ಬಾಳಿಕೆ ಎರಡೂ ಸೇರಿ ಎಸ್ ಹಂತದಲ್ಲಿ ಈ ಎಂಆರ್‌ಎನ್‌ಎ ಸುಮಾರು 35 ಪಟ್ಟು ಹೆಚ್ಚುತ್ತದೆ. ಎಸ್ ಹಂತ ಮುಗಿಯುತ್ತಿದ್ದಂತೆ ಎಸ್‌ಎಲ್‌ಬಿಪಿಗೂ ಫಾಸ್ಫೇಟ್ ಗುರುತು ಬಿದ್ದು ಅದು ನಾಶವಾಗುತ್ತದೆ. ಎಂಆರ್‌ಎನ್‌ಎಯ ತುದಿಗೆ ಯು ಅಕ್ಷರಗಳ ಪುಟ್ಟ ಬಾಲ ಸೇರಿ ಅದೂ ಬೇಗನೆ ಕರಗುತ್ತದೆ.

ಗಿಡಗಳಲ್ಲಿ ಈ ಕುಣಿಕೆಯ ವ್ಯವಸ್ಥೆ ಇಲ್ಲ. ಈರುಳ್ಳಿ, ಕಾಫಿ, ಏಲಕ್ಕಿ ಯಾವುದನ್ನೇ ತೆಗೆದುಕೊಳ್ಳಿ, ಹಿಸ್ಟೋನ್ ಎಂಆರ್‌ಎನ್‌ಎಗೆ ಪಾಲಿ-ಎ ಬಾಲ ಇದ್ದೇ ಇದೆ. ಹಿಡಿತ ಬಹುಪಾಲು ಜೀನ್‌ನ ಮುಂಭಾಗದಲ್ಲಿ, ಪ್ರತಿಲೇಖನದ ಹಂತದಲ್ಲೇ ಇರುತ್ತದೆ. ಎಸ್ ಹಂತದಲ್ಲಿ ಏರುವುದು, ಆಮೇಲೆ ಇಳಿಯುವುದು ಎರಡು ಕಡೆಯೂ ಒಂದೇ, ದಾರಿ ಮಾತ್ರ ಬೇರೆ. ಈರುಳ್ಳಿ ಸ್ಲೈಡಿನ ಚಿತ್ರ ಬಿಡಿಸಿ ಪಕ್ಕದಲ್ಲಿ ಎಸ್‌ಎಲ್‌ಬಿಪಿ ಎಂದು ಬರೆದರೆ ಅದು ತಪ್ಪು ಉತ್ತರ. ಈ ಒಂದು ವಿಷಯವನ್ನು ಅಧ್ಯಾಪಕರು ಮೊದಲೇ ಬಿಡಿಸಿ ಹೇಳಬೇಕೆಂದು ನಮ್ಮ ಒತ್ತಾಯ.

ಬೇರು ಬರಿಸುವುದು

ಕಾಫಿ, ಏಲಕ್ಕಿ ಕೈಗೆಟಕುವಂತೆ ಇರುವಾಗ ಈರುಳ್ಳಿಯೇ ಏಕೆ? ಈರುಳ್ಳಿಯಲ್ಲಿ 16 ವರ್ಣತಂತು, ಒಂದೊಂದೂ ದೊಡ್ಡದು. ರೋಬಸ್ಟಾದಲ್ಲಿ 22, ಅರೇಬಿಕಾದಲ್ಲಿ 44, ಏಲಕ್ಕಿಯಲ್ಲಿ 48, ಎಲ್ಲವೂ ಚಿಕ್ಕವು. 40 ಪಟ್ಟಿನ ಆಬ್ಜೆಕ್ಟಿವ್‌ನಲ್ಲಿ ಕಾಫಿಯ ವರ್ಣತಂತುಗಳು ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತವೆ. ಕೈ ಪಳಗಿದ ಮೇಲೆ ನೋಡಿದರಾಯಿತು.

ಸಂತೆಯಲ್ಲಿ ಈರುಳ್ಳಿ ಆರಿಸುವಾಗ ಬುಡದ ತಟ್ಟೆ ಗಟ್ಟಿಯಾಗಿ, ಒಣಗಿ, ಕಪ್ಪಾಗದೆ ಇರುವಂಥದ್ದನ್ನು ತೆಗೆದುಕೊಳ್ಳಿ. ಮಳೆಯಲ್ಲಿ ನೆನೆದ ಚೀಲದ್ದು ಬೇಡ, ಬೇರು ಬರುವ ಮೊದಲೇ ಬುಡ ಕೊಳೆಯುತ್ತದೆ. ಮೊಳಕೆ ಬಾರದಂತೆ ವಿಕಿರಣ ಹಾಯಿಸಿದ ಈರುಳ್ಳಿಯೂ ಈ ಕೆಲಸಕ್ಕೆ ನಂಬಲರ್ಹವಲ್ಲ. ಬೇಕಾದ್ದಕ್ಕಿಂತ ಅರ್ಧದಷ್ಟು ಹೆಚ್ಚು ಕೊಂಡರೆ ಒಳ್ಳೆಯದು, ಕೆಲವು ಹೇಗೂ ಕೈಕೊಡುತ್ತವೆ.

ಹೊರಗಿನ ಒಣಸಿಪ್ಪೆ ತೆಗೆದು, ಹಳೆಯ ಬೇರುಗಳನ್ನು ಬ್ಲೇಡಿನಿಂದ ಮೇಲ್ಮೇಲೆ ಕೆರೆಯಿರಿ. ತಟ್ಟೆಯನ್ನೇ ಕೊಯ್ದರೆ ಹೊಸ ಬೇರು ಬರುವುದಿಲ್ಲ. ಗಾಜಿನ ಲೋಟದ ಬಾಯಿಗೆ ಕೂರಿಸಿ, ನೀರು ತಟ್ಟೆಗೆ ತಾಗಿಯೂ ತಾಗದಂತೆ ತುಂಬಿಸಿ, ದಿನಕ್ಕೊಮ್ಮೆ ಬದಲಿಸಿ. ನಲ್ಲಿ ನೀರಾದರೆ ಹಿಂದಿನ ರಾತ್ರಿಯೇ ತೆರೆದ ಪಾತ್ರೆಯಲ್ಲಿ ಹಿಡಿದಿಡಿ. ಬೇರು ಒಂದೂವರೆಯಿಂದ ಎರಡು ಸೆಂಟಿಮೀಟರ್ ಆದಾಗ ಕೆಲಸಕ್ಕೆ ಸರಿ. 25 ಡಿಗ್ರಿಯಲ್ಲಿ ಎರಡು ಮೂರು ದಿನ ಸಾಕು.

ತೊಂದರೆ ಇರುವುದು ಆ 25 ಡಿಗ್ರಿಯಲ್ಲಿ. ಕಕ್ಕಡದ (ಜುಲೈ–ಆಗಸ್ಟ್) ಜಡಿಮಳೆಯಲ್ಲಿ ಮಡಿಕೇರಿಯ ಕೋಣೆ 18–20ರ ಆಸುಪಾಸಿನಲ್ಲೇ ಇರುತ್ತದೆ. ಈರುಳ್ಳಿ ಬೇರಿನ ಕೋಶ ಚಕ್ರ 25 ಡಿಗ್ರಿಯಲ್ಲಿ ಸುಮಾರು 13–15 ಗಂಟೆ, 15 ಡಿಗ್ರಿಯಲ್ಲಿ ಅದರ ದುಪ್ಪಟ್ಟು. ಒಂದು ಸಮಾಧಾನವಿದೆ. ಚಳಿಯಲ್ಲಿ ಎಲ್ಲ ಹಂತಗಳೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಉದ್ದವಾಗುತ್ತವೆ. ಆದ್ದರಿಂದ ಎಷ್ಟು ಕೋಶ ಒಡೆಯುತ್ತಿವೆ ಎಂಬ ಶೇಕಡಾವಾರು ಹೆಚ್ಚೇನೂ ಬದಲಾಗುವುದಿಲ್ಲ, ಸುಮ್ಮನೆ ಎಣಿಸುವವರಿಗೆ ಚಳಿ ಅಡ್ಡಿಯಲ್ಲ. ಮುಂದೆ ಬರುವ ತಡೆ ಪ್ರಯೋಗದಲ್ಲಿ ಮಾತ್ರ ಗಂಟೆಗಳ ಲೆಕ್ಕ ಪೂರ್ತಿ ತಪ್ಪುತ್ತದೆ. ಅದಕ್ಕೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ 15 ವ್ಯಾಟ್‌ನ ತಂತಿ ಬಲ್ಬು, ಒಂದು ಥರ್ಮಾಮೀಟರ್ ಇಟ್ಟು, ಮುಚ್ಚಳ ಸರಿಸಿ ಶಾಖ ಹೊಂದಿಸಿ. ಎಲ್‌ಇಡಿ ಬಲ್ಬಿನಿಂದ ಶಾಖ ಸಾಲದು. ಕರೆಂಟು ಹೋದರೆ ಬೆಚ್ಚಗಿನ ನೀರಿನ ಬಾಟಲಿ ಪಕ್ಕದಲ್ಲಿಡಿ. ಒಲೆಯ ಹತ್ತಿರ ಮಾತ್ರ ಇಡಬೇಡಿ, ಅಲ್ಲಿ ಬಿಸಿ ಹಿಡಿತಕ್ಕೆ ಸಿಗದೆ ಏರಿಳಿಯುತ್ತದೆ.

ಕೋಶಗಳನ್ನು ಇದ್ದಲ್ಲೇ ನಿಲ್ಲಿಸುವುದು, ಬಣ್ಣ ಹಾಕುವುದು

ಮೂರು ಪಾಲು ಶುದ್ಧ ಆಲ್ಕೋಹಾಲ್, ಒಂದು ಪಾಲು ಗ್ಲೇಶಿಯಲ್ ಅಸಿಟಿಕ್ ಆಮ್ಲ. ಈ ಮಿಶ್ರಣ ಆಗಿಂದಾಗಲೇ ಆಗಬೇಕು, ನಿನ್ನೆಯದು ನಡೆಯದು. ಕತ್ತರಿಸಿದ ಬೇರಿನ ತುದಿಗಳನ್ನು ಅದರಲ್ಲಿ 24 ಗಂಟೆ ಬಿಟ್ಟು, ಆಮೇಲೆ 70 ಶೇಕಡಾ ಆಲ್ಕೋಹಾಲಿಗೆ ಹಾಕಿ ಫ್ರಿಜ್‌ನಲ್ಲಿಡಿ.

ಗ್ಲೇಶಿಯಲ್ ಅಸಿಟಿಕ್ ಆಮ್ಲ 16.6 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್, ಜನವರಿಯ ಬೆಳಿಗ್ಗೆ ಮಡಿಕೇರಿಯಲ್ಲಿ ಬಾಟಲಿ ತೆರೆದರೆ ಒಳಗೆ ಮಂಜುಗಡ್ಡೆಯ ಹಾಗೆ ಕೂತಿರುವುದುಂಟು. ಕೆಟ್ಟಿತೆಂದು ಎಸೆಯಬೇಡಿ. ಅರ್ಧ ಗಟ್ಟಿ, ಅರ್ಧ ದ್ರವವಾಗಿದ್ದಾಗ ಮೇಲಿನ ದ್ರವವನ್ನಷ್ಟೇ ಬಗ್ಗಿಸಿಕೊಳ್ಳಲೂ ಬೇಡಿ, ಆಮ್ಲದಲ್ಲಿದ್ದ ನೀರಿನಂಶವೆಲ್ಲ ಅಲ್ಲೇ ಸೇರಿ ಅದರ ಶಕ್ತಿ ಕುಂದಿರುತ್ತದೆ. ಮುಚ್ಚಳ ಸ್ವಲ್ಪ ಸಡಿಲಿಸಿ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ, ಪೂರ್ತಿ ಕರಗಿ ಬೆರೆತ ಮೇಲೆ ಅಳೆದುಕೊಳ್ಳಿ.

ಬೇರನ್ನು ಮೃದು ಮಾಡಲು 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ ಬೇಕು. 90 ಮಿಲಿಲೀಟರ್ ನೀರಿಗೆ 8.3 ಮಿಲಿಲೀಟರ್ ಸಾಂದ್ರ ಆಮ್ಲವನ್ನು ನಿಧಾನ ಸೇರಿಸಿ 100ಕ್ಕೆ ತುಂಬಿಸಿ. ಆಮ್ಲಕ್ಕೆ ನೀರು ಹಾಕಿದರೆ ಸಿಡಿಯುತ್ತದೆ. 60 ಡಿಗ್ರಿಯಲ್ಲಿ 8 ನಿಮಿಷ. ವಾಟರ್ ಬಾತ್ ಇಲ್ಲದಿದ್ದರೆ ದಪ್ಪ ತಳದ ಪಾತ್ರೆಯ ನೀರು, ಥರ್ಮಾಮೀಟರ್ ಸಾಕು, ಆದರೆ ಕಣ್ಣು ಅಲ್ಲೇ ಇರಲಿ. ಹೊತ್ತು ಸಾಲದಿದ್ದರೆ ಕೋಶಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ, ಹೆಚ್ಚಾದರೆ ಡಿಎನ್‌ಎಯೇ ಕರಗಿ ಬಣ್ಣ ಪೇಲವವಾಗುತ್ತದೆ. ಎರಡು ಸಲ ನೀರಿನಲ್ಲಿ ತೊಳೆದು ಅಸಿಟೋಕಾರ್ಮಿನ್‌ನಲ್ಲಿ 20–30 ನಿಮಿಷ ಬಿಡಿ. ಅಸಿಟೋಕಾರ್ಮಿನ್ ಎಂದರೆ 45 ಶೇಕಡಾ ಅಸಿಟಿಕ್ ಆಮ್ಲ 100 ಮಿಲಿಲೀಟರ್‌ಗೆ 1 ಗ್ರಾಂ ಕಾರ್ಮಿನ್ ಹಾಕಿ ಕುದಿಸಿ, ಆರಿಸಿ, ಸೋಸಿದ್ದು. ಕಬ್ಬಿಣದ ಸೂಜಿಯಿಂದ ಒಮ್ಮೆ ಕಲಕಿದರೆ ಬಣ್ಣ ಗಾಢವಾಗುತ್ತದೆ. ತುಕ್ಕು ಹಿಡಿದ ಸೂಜಿಯಿಂದ ಹೆಚ್ಚು ಹೊತ್ತು ಕಲಕಿದರೆ ಕಪ್ಪು ಕಣಗಳು ಕೂತು ಸ್ಲೈಡ್ ಹಾಳು.

ಬಣ್ಣ ಹಿಡಿದ ಬೇರಿನಲ್ಲಿ ತುದಿಯ ಒಂದೆರಡು ಮಿಲಿಮೀಟರ್ ಮಾತ್ರ ಕಡುಕೆಂಪಾಗಿರುತ್ತದೆ. ಒಡೆಯುವ ಕೋಶಗಳು ಅಲ್ಲೇ ಇರುವುದು. ಅಷ್ಟನ್ನೇ ಕತ್ತರಿಸಿ ಉಳಿದದ್ದನ್ನು ಬಿಸಾಡಿ. ಮೇಲಿನ ಭಾಗ ಸೇರಿದರೆ ಉದ್ದುದ್ದ ಕೋಶಗಳು ತುಂಬಿ ಎಣಿಕೆ ಸುಳ್ಳಾಗುತ್ತದೆ. ಬಹಳಷ್ಟು ಸ್ಲೈಡ್‌ಗಳಲ್ಲಿ ‘ವಿಭಜನೆಯೇ ಕಾಣಲಿಲ್ಲ’ ಎನ್ನುವುದಕ್ಕೆ ಇದೇ ಕಾರಣ. 45 ಶೇಕಡಾ ಅಸಿಟಿಕ್ ಆಮ್ಲದ ಒಂದು ಹನಿಯಲ್ಲಿಟ್ಟು, ಸೂಜಿಯಿಂದ ಬಿಡಿಸಿ, ಕವರ್ ಸ್ಲಿಪ್ ಹಾಕಿ, ಪೆನ್ಸಿಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿ. ನಂತರ ಬ್ಲಾಟಿಂಗ್ ಕಾಗದದ ನಡುವೆ ಇಟ್ಟು ಹೆಬ್ಬೆರಳಿನಿಂದ ನೇರವಾಗಿ ಕೆಳಗೆ ಒತ್ತಿ. ಬೆರಳು ಪಕ್ಕಕ್ಕೆ ಸ್ವಲ್ಪ ಜಾರಿದರೂ ಕೋಶಗಳು ಸುರುಳಿಯಾಗುತ್ತವೆ.

ಎಣಿಸುವಾಗ ಕನಿಷ್ಠ ಮೂರು ಬೇರು, ಒಟ್ಟು 1000 ಕೋಶ. ಒಡೆಯುತ್ತಿರುವ ಕೋಶಗಳನ್ನು ಒಟ್ಟಿನಿಂದ ಭಾಗಿಸಿ 100ರಿಂದ ಗುಣಿಸಿದರೆ ವಿಭಜನಾ ಸೂಚ್ಯಂಕ. ಚೆಂದ ಕಾಣುವ ಜಾಗಗಳನ್ನೇ ಆರಿಸಿ ಎಣಿಸಬಾರದು, ಒಂದು ಅಂಚಿನಿಂದ ಸಾಲಾಗಿ ಬನ್ನಿ. ಕಾಲ್ಚಿಸಿನ್ ಹಾಕಿದ ಬೇರನ್ನು ಈ ಎಣಿಕೆಗೆ ಬಳಸಬೇಡಿ, ಅದು ಕೋಶಗಳನ್ನು ವಿಭಜನೆಯ ನಡುಹಂತವಾದ ಮೆಟಾಫೇಸ್‌ನಲ್ಲಿ ಕಟ್ಟಿಹಾಕಿ ಸಂಖ್ಯೆಯನ್ನು ಉಬ್ಬಿಸುತ್ತದೆ.

ತಡೆ ಹಾಕಿ, ಬಿಟ್ಟು ನೋಡುವುದು

ಎಸ್ ಹಂತಕ್ಕೂ ವಿಭಜನೆಗೂ ಇರುವ ನಂಟು ಸಂಖ್ಯೆಯಲ್ಲಿ ಸಿಗುವುದು ಇಲ್ಲಿ. ಹೈಡ್ರಾಕ್ಸಿಯೂರಿಯ ಡಿಎನ್‌ಎಯ ಕಚ್ಚಾಸಾಮಗ್ರಿ ತಯಾರಿಸುವ ರೈಬೋನ್ಯೂಕ್ಲಿಯೋಟೈಡ್ ರಿಡಕ್ಟೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಸಾಮಗ್ರಿ ಇಲ್ಲದೆ ನಕಲು ನಿಲ್ಲುತ್ತದೆ.

ಪ್ರಮಾಣ 2 ಮಿಲಿಮೋಲಾರ್, ಅಂದರೆ ಲೀಟರಿಗೆ 152 ಮಿಲಿಗ್ರಾಂ, 250 ಮಿಲಿಲೀಟರ್‌ಗೆ 38 ಮಿಲಿಗ್ರಾಂ. ಅಂದಂದೇ ಕರಗಿಸಿಕೊಳ್ಳಿ. ಇದು ಔಷಧಿಯಾಗಿ ಬಳಕೆಯಲ್ಲಿರುವ, ಕೋಶಗಳಿಗೆ ವಿಷವಾಗಬಲ್ಲ ವಸ್ತು. ಕೈಗವಸು ಇಲ್ಲದೆ ಮುಟ್ಟಬಾರದು, ಪುಡಿ ಗಾಳಿಗೆ ಹಾರಬಾರದು, ಗರ್ಭಿಣಿಯರು ಈ ಕೆಲಸದಿಂದ ದೂರವಿರಬೇಕು. ತೂಗುವುದು ಅಧ್ಯಾಪಕರ ಕೈಯಲ್ಲೇ ಆಗಲಿ.

ಮೂರು ಗುಂಪು, ಗುಂಪಿಗೆ ಮೂರು ಈರುಳ್ಳಿ. ಒಂದನೆಯದು ಬರೀ ನೀರಿನಲ್ಲಿ. ಎರಡನೆಯದು ಕೊನೆಯವರೆಗೂ ಹೈಡ್ರಾಕ್ಸಿಯೂರಿಯದಲ್ಲಿ. ಮೂರನೆಯದು 18 ಗಂಟೆ ಹೈಡ್ರಾಕ್ಸಿಯೂರಿಯದಲ್ಲಿದ್ದು, ಮೂರು ಸಲ ತೊಳೆದು ನೀರಿಗೆ. ಮೀನಿನ ತೊಟ್ಟಿಯ ಪಂಪಿನಿಂದ ಎಲ್ಲಕ್ಕೂ ಗಾಳಿ ಕೊಟ್ಟರೆ ಬೇರು ಚೆನ್ನಾಗಿರುತ್ತದೆ. ಪೆಟ್ಟಿಗೆಯ ಶಾಖ 25 ಇರಲಿ. 20ರಲ್ಲೇ ಮಾಡಬೇಕಾಗಿ ಬಂದರೆ ತಡೆಯನ್ನು 24 ಗಂಟೆಗೆ ಏರಿಸಿ, ಮುಂದೆ ಹೇಳುವ ಗಂಟೆಗಳನ್ನೂ ಒಂದೂವರೆ ಪಟ್ಟು ಮಾಡಿ.

18 ಗಂಟೆಗೆ ಮೂರೂ ಗುಂಪಿನಿಂದ ಬೇರು ತೆಗೆದು ನೋಡಿದರೆ, ನೀರಿನಲ್ಲಿದ್ದುದರಲ್ಲಿ ಎಂದಿನಂತೆ ವಿಭಜನೆ ನಡೆದಿರುತ್ತದೆ. ಉಳಿದೆರಡರಲ್ಲಿ ತೀರಾ ಕಡಿಮೆ. ತಡೆ ಬಿದ್ದಾಗ ಆಗಲೇ ಜಿ2 ತಲುಪಿದ್ದ ಕೋಶಗಳು ಒಡೆದು ಮುಗಿದಿರುತ್ತವೆ, ಹಿಂದಿನವು ಎಸ್ ಹಂತದ ಬಾಗಿಲಲ್ಲಿ ಸಾಲುಗಟ್ಟಿರುತ್ತವೆ. ತಡೆ ತೆಗೆದ ಮೂರನೆಯ ಗುಂಪಿನಿಂದ 4ನೇ ಗಂಟೆಯಿಂದ 14ನೇ ಗಂಟೆಯವರೆಗೆ ಎರಡೆರಡು ಗಂಟೆಗೊಮ್ಮೆ ಬೇರು ತೆಗೆಯಿರಿ. ಮೊದಮೊದಲು ಏನೂ ಇರುವುದಿಲ್ಲ. ಎಸ್ ಹಂತದ ಆರೂವರೆ, ಜಿ2ವಿನ ಮೂರು ನಾಲ್ಕು ಗಂಟೆ ಕಳೆದು, 9ರಿಂದ 11ನೇ ಗಂಟೆಯ ಹೊತ್ತಿಗೆ ವಿಭಜನೆಯ ಅಲೆ ಏರುತ್ತದೆ. ಆಗಿನ ಸೂಚ್ಯಂಕ ಬರೀ ನೀರಿನ ಗುಂಪಿಗಿಂತಲೂ ಮೇಲೆ ಹೋಗಬಹುದು, ಏಕೆಂದರೆ ಸಾಲು ನಿಂತಿದ್ದ ಕೋಶಗಳೆಲ್ಲ ಒಟ್ಟಿಗೆ ಬಂದಿರುತ್ತವೆ. ಬೆಳಿಗ್ಗೆ 6ಕ್ಕೆ ತೊಳೆದರೆ ಈ ಅಲೆ ಮಧ್ಯಾಹ್ನ ಮೂರರಿಂದ ಐದರೊಳಗೆ ಸಿಗುತ್ತದೆ, ಪ್ರಯೋಗಾಲಯದಲ್ಲಿ ರಾತ್ರಿಯಿಡೀ ಕಾಯಬೇಕಿಲ್ಲ.

ತೊಳೆದ ಗಳಿಗೆಗೂ ಈ ಅಲೆಗೂ ನಡುವಿನ ಒಂಬತ್ತು ಹತ್ತು ಗಂಟೆಗಳ ಪೈಕಿ ಮೊದಲ ಆರೇಳು ಗಂಟೆಯೇ ಹಿಸ್ಟೋನ್ ಜೀನ್‌ಗಳ ದುಡಿಮೆಯ ಕಾಲ. ನಕ್ಷೆಯಲ್ಲಿ ಈ ಭಾಗಕ್ಕೆ ಬಣ್ಣ ಹಚ್ಚಿ ತೋರಿಸಿ, ಆಗ ಮೊದಲು ಹೇಳಿದ ತಪ್ಪು ವಾಕ್ಯ ತಾನಾಗಿ ಅಳಿಸಿಹೋಗುತ್ತದೆ.

ಮೂರನೆಯ ಗುಂಪು ಏಕೆ ಬೇಕೇಬೇಕೆಂದರೆ, ಎರಡನೆಯ ಗುಂಪಿನಲ್ಲಿ ವಿಭಜನೆ ಇಲ್ಲದಿರಲು ಬೇರು ಸತ್ತಿರುವುದೂ ಕಾರಣವಾಗಬಹುದು. ತೊಳೆದ ಮೇಲೆ ಮತ್ತೆ ಒಡೆಯತೊಡಗಿದರೆ ಬೇರು ಜೀವಂತವಾಗಿತ್ತು, ತಡೆ ಮಾತ್ರ ಇತ್ತು ಎಂದು ಖಾತ್ರಿ. ಅಲೆ ಬಾರದೇ ಇದ್ದರೆ ಮೊದಲು ಶಾಖ ನೋಡಿ, ಆಮೇಲೆ ಪ್ರಮಾಣ. 5 ಮಿಲಿಮೋಲಾರ್ ದಾಟಿದರೆ, ಅಥವಾ 25 ಡಿಗ್ರಿಯಲ್ಲಿ ಒಂದು ದಿನ ಮೀರಿ ಬಿಟ್ಟರೆ ಡಿಎನ್‌ಎ ತುಂಡಾಗಿ, ವರ್ಣತಂತುಗಳು ಬೇರ್ಪಡುವ ಅನಾಫೇಸ್‌ನಲ್ಲಿ ಎಳೆದ ಸೇತುವೆಗಳು, ಬಿಡಿ ಚೂರುಗಳು ಕಾಣಿಸುತ್ತವೆ. ಅಂಥವು ಕಂಡರೆ ಬರೆದಿಡಿ, ಅದೂ ಫಲಿತಾಂಶವೇ.

ಏನು ಬರೆಯಬಹುದು, ಏನು ಬರೆಯಬಾರದು

ಡಿಎನ್‌ಎ ನಕಲು ನಿಂತರೆ ವಿಭಜನೆಯೂ ನಿಲ್ಲುತ್ತದೆ ಎಂಬುದನ್ನು ಈ ಪ್ರಯೋಗ ತೋರಿಸಿತು. ‘ಹಿಸ್ಟೋನ್ ಎಂಆರ್‌ಎನ್‌ಎ ಕುಸಿಯಿತು’ ಎಂದು ಬರೆಯಬೇಡಿ, ನಾವದನ್ನು ಅಳೆದಿಲ್ಲ. ಸಸ್ತನಿ ಕೋಶಗಳಲ್ಲಿ ಹೈಡ್ರಾಕ್ಸಿಯೂರಿಯ ಹಾಕಿದ ಕೆಲವೇ ನಿಮಿಷಗಳಲ್ಲಿ ಹಿಸ್ಟೋನ್ ಎಂಆರ್‌ಎನ್‌ಎ ಕರಗತೊಡಗುತ್ತದೆ ಎಂಬುದು ಅಳೆದು ತಿಳಿದ ಸಂಗತಿ, ಅದನ್ನು ಆ ಕೋಶಗಳ ಹೆಸರಿನಲ್ಲೇ ಬರೆಯಿರಿ.

ಮುಂದೆ ಪಿಸಿಆರ್ ಯಂತ್ರ (ಡಿಎನ್‌ಎ ತುಣುಕನ್ನು ಹಲವು ಪಟ್ಟು ನಕಲಿಸುವ ಯಂತ್ರ) ಇರುವ ಕಡೆ ಹಿಸ್ಟೋನ್ ಎಂಆರ್‌ಎನ್‌ಎ ಅಳೆಯುವವರಿಗೆ ಒಂದು ಮಾತು. ಪ್ರಾಣಿ ಕೋಶದ ಆರ್‌ಎನ್‌ಎಯನ್ನು ಡಿಎನ್‌ಎಗೆ ತಿರುಗಿಸಲು ಪಾಲಿ-ಎ ಬಾಲಕ್ಕೆ ಅಂಟುವ ಆಲಿಗೋ-ಡಿಟಿ ಬಳಸಿದರೆ ಎಸ್ ಹಂತದ ಹಿಸ್ಟೋನ್‌ಗಳು ತಪ್ಪಿಸಿಕೊಳ್ಳುತ್ತವೆ, ಹಿಡಿಯಲು ಬಾಲವೇ ಇಲ್ಲ. ರ‍್ಯಾಂಡಮ್ ಪ್ರೈಮರ್ (ಎಲ್ಲೆಂದರಲ್ಲಿ ಅಂಟುವ ಸಣ್ಣ ತುಣುಕು) ಬೇಕು. ಈರುಳ್ಳಿ, ಕಾಫಿಗಾದರೆ ಆಲಿಗೋ-ಡಿಟಿ ನಡೆಯುತ್ತದೆ. ಬಹಳಷ್ಟು ಹಿಸ್ಟೋನ್ ಜೀನ್‌ಗಳಲ್ಲಿ ಇಂಟ್ರಾನ್ (ಎಂಆರ್‌ಎನ್‌ಎ ತಯಾರಾಗುವಾಗ ಕತ್ತರಿಸಿಹೋಗುವ ತುಂಡು) ಇಲ್ಲದ್ದರಿಂದ, ಉಳಿದುಹೋದ ಡಿಎನ್‌ಎ ಕೂಡ ಅದೇ ಉದ್ದದ ಪಟ್ಟಿ ಕೊಟ್ಟು ಮೋಸ ಮಾಡುತ್ತದೆ. ಡಿಎನ್‌ಎ ಕರಗಿಸುವ ಡಿಎನೇಸ್ ಹಾಕುವುದು, ಆರ್‌ಎನ್‌ಎಯನ್ನು ಡಿಎನ್‌ಎಗೆ ತಿರುಗಿಸುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಇಲ್ಲದ ಒಂದು ನಳಿಕೆ ಜೊತೆಗಿಡುವುದು ಎರಡನ್ನೂ ಬಿಡುವಂತಿಲ್ಲ.

ಹಿಸ್ಟೋನ್ ಪ್ರೋಟೀನನ್ನೇ ಕಣ್ಣಾರೆ ನೋಡಬೇಕೆಂದರೆ ಆಲ್ಫರ್ಟ್ ಮತ್ತು ಗೆಶ್‌ವಿಂಡ್ 1953ರಲ್ಲಿ ಕೊಟ್ಟ ಫಾಸ್ಟ್ ಗ್ರೀನ್ ವಿಧಾನ ಇದೆ. ಆಮ್ಲ ಹಿಸ್ಟೋನನ್ನು ಎಳೆದು ತೆಗೆಯುವುದರಿಂದ ಇದಕ್ಕೆ ಅಸಿಟಿಕ್ ಮಿಶ್ರಣ ಸಲ್ಲದು, 10 ಶೇಕಡಾ ತಟಸ್ಥ ಫಾರ್ಮಲಿನ್ ಬಳಸಿ, ಮೈಕ್ರೋಟೋಮಿನಲ್ಲಿ ತೆಳು ಸೀಳು ತೆಗೆಯಿರಿ. 5 ಶೇಕಡಾ ಟ್ರೈಕ್ಲೋರೋಅಸಿಟಿಕ್ ಆಮ್ಲದಲ್ಲಿ 90 ಡಿಗ್ರಿಗೆ 15 ನಿಮಿಷ ಇಟ್ಟು ಡಿಎನ್‌ಎ ತೆಗೆದು, ಚೆನ್ನಾಗಿ ತೊಳೆದು, ಪಿಎಚ್ 8.1ಕ್ಕೆ ತಂದ 0.1 ಶೇಕಡಾ ಫಾಸ್ಟ್ ಗ್ರೀನ್‌ನಲ್ಲಿ 30 ನಿಮಿಷ. ಕೋಶಕೇಂದ್ರ ಮಾತ್ರ ಹಸಿರಾಗುತ್ತದೆ. ಪಿಎಚ್ ಇಳಿದರೆ ಎಲ್ಲ ಪ್ರೋಟೀನೂ ಹಸಿರಾಗಿ ಅರ್ಥ ಕೆಡುತ್ತದೆ. ‘ಕುದಿವ ನೀರಿನಲ್ಲಿಡಿ’ ಎಂದು ಬರೆದ ಪಾಕಗಳನ್ನು ಅನುಸರಿಸುವಾಗ, ಸುಮಾರು 1150 ಮೀಟರ್ ಎತ್ತರದ ಮಡಿಕೇರಿಯಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ ಎಂಬುದು ನೆನಪಿರಲಿ.

ಒಳ್ಳೆಯ ಸ್ಲೈಡ್‌ಗಳ ಅಂಚಿಗೆ ಉಗುರುಬಣ್ಣ ಹಚ್ಚಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ, ಇಲ್ಲವಾದರೆ ಜುಲೈ ಮುಗಿಯುವುದರೊಳಗೆ ಬೂಸ್ಟು ಬರುತ್ತದೆ. ಮಸೂರಗಳಿಗೂ ಇದೇ ಆರೈಕೆ. ಬಳಸಿದ ಹೈಡ್ರಾಕ್ಸಿಯೂರಿಯ ನೀರು, ಮೊದಲ ತೊಳೆತದ ನೀರು, ಆ ಈರುಳ್ಳಿಗಳು ಯಾವುದನ್ನೂ ಸಿಂಕಿಗಾಗಲಿ ತೋಟದ ಗುಂಡಿಗಾಗಲಿ ಹಾಕಬೇಡಿ. ಹೆಸರು, ದಿನಾಂಕ ಬರೆದ ಬಾಟಲಿ, ಚೀಲಗಳಲ್ಲಿ ತುಂಬಿಸಿ ಕಾಲೇಜಿನ ರಾಸಾಯನಿಕ ತ್ಯಾಜ್ಯದ ಜೊತೆ ಸೇರಿಸಿ.